ಸುದ್ದಿ ಮಾತ್ರ

ಔಲು ಊರಿನಲ್ಲಿ ಜನವರಿಯ ಬೆಳಗು
ಹತ್ತಕ್ಕೆ ಬಂದು ಎರಡೂವರೆಗೆ ಹೊರಟುಬಿಡುತ್ತದೆ.
ಕಿಟಕಿಯಾಚೆ ಸೊನ್ನೆಗಿಂತ ಇಪ್ಪತ್ತಾರು ಕೆಳಗೆ.
ಈಚೆ ತೈಮಿ, ಮೇಜಿನ ಮೇಲಿನ ಬೆತ್ತಲೆ ಬೋರ್ಡಿಗೆ
ಕೂದಲು ಒಣಗಿಸುವ ಯಂತ್ರ ಹಿಡಿದು ಬಿಸಿಗಾಳಿ ಊದುತ್ತಿದ್ದಾಳೆ.
ಎಪ್ಪತ್ತೊಂದು. ಎಪ್ಪತ್ತನಾಲ್ಕು. ಎಪ್ಪತ್ತೊಂಬತ್ತು.

ಈವರೆಗಿನ ಏರ್ಪಾಡು ಹೀಗಿತ್ತು:
ಮೇಲೆ ಓಡುವ ಪ್ರೋಗ್ರಾಂ ಸೆಕೆಂಡಿಗೊಮ್ಮೆ ಎದ್ದು
ಒಂದು ಕಡತ ತೆರೆದು ಇಣುಕುವುದು.
ಬಿಸಿಯಾಯಿತೇ? ಇಲ್ಲ.
ಬಿಸಿಯಾಯಿತೇ? ಇಲ್ಲ.
ಬೆಂದಿತೇ ಬೆಂದಿತೇ ಎಂದು ಮುಚ್ಚಳ ತೆಗೆತೆಗೆದು
ಅನ್ನವನ್ನು ಬೇಯಗೊಡದ ಹೊಸ ಅಡುಗೆಯವನ ಹಾಗೆ.
ಇಲ್ಲಿ ಮಾತ್ರ ಉಲ್ಟಾ:
ಇಣುಕಿದಷ್ಟೂ ಕಾವು ಏರುತ್ತಿತ್ತು.

ಅದಕ್ಕೇ ತೈಮಿ ಎಂಬತ್ತರಲ್ಲಿ ಒಂದು ಹೊಸ್ತಿಲು ಕೂರಿಸಿದಳು.
ಕರ್ನಲ್ಲಿಗೆ ಹೇಳಿದಳು: ದಾಟಿದಾಗ ಡಂಗುರ ಸಾರು.
ಏನು ಮಾಡಬೇಕೆಂದು ಸಾರಬೇಡ.
ಯಾವ ಮೂಲೆ, ಯಾವ ಹೊಸ್ತಿಲು, ಎಷ್ಟು ಡಿಗ್ರಿ, ಅಷ್ಟೇ.
ನಿದ್ದೆಯಿಂದೆದ್ದ ಪ್ರೋಗ್ರಾಮುಗಳು
ಕೆಲಸ ನಿಧಾನಿಸಲಿ, ಪರದೆ ಮಂಕಾಗಿಸಲಿ,
ಮಗ್ಗುಲು ಬದಲಿಸಿ ಮಲಗಲಿ,
ಅದು ಅವರವರ ಮನೆಯ ವಿಚಾರ.

ಮೊದಲ ದಿನವೇ ತಲೆಬಿಸಿ.
ಎಂಬತ್ತು, ಎಪ್ಪತ್ತೊಂಬತ್ತೂ ಮುಕ್ಕಾಲು, ಎಂಬತ್ತು,
ಒಳಗೊಂದು ಕಾಲು ಹೊರಗೊಂದು ಕಾಲು ಇಟ್ಟು
ಹೊಸ್ತಿಲ ಮೇಲೆ ಕುಣಿಯುವ ಮಗುವಿನಂತೆ ಉಷ್ಣತೆ.
ಒಂದು ನಿಮಿಷಕ್ಕೆ ನಾನೂರ ಹನ್ನೆರಡು ಸುದ್ದಿ.
ಸಾಲು ತುಂಬಿ ತುಳುಕಿ
ನಿಜವಾದ ಸುದ್ದಿ ಯಾವುದೋ, ಅದೂ ಚೆಲ್ಲಿಹೋಯಿತು.

ಅಣ್ಣ ಒಯ್ವಾ ಮೀನಿನ ಸಾರಿಗೆ ರೈ ಬ್ರೆಡ್ಡು ಅದ್ದುತ್ತಾ ಕೇಳಿಸಿಕೊಂಡ.
ಹೈಲುವೊತೊ ದ್ವೀಪಕ್ಕೆ ಚಳಿಗಾಲದಲ್ಲಿ
ಸಮುದ್ರದ ಮೇಲೇ ರಸ್ತೆ.
ಬೈರಿಗೆಯಿಂದ ತೂತು ಕೊರೆದು, ಮಂಜುಗಡ್ಡೆಯ ದಪ್ಪ ಅಳೆದು
ದಡದ ಹಲಗೆಯ ಮೇಲೆ ಬರೆಯುವುದು ಅವನ ಕೆಲಸ.
"ನಲವತ್ತಾದರೆ ತೆರೀತೀನಿ.
ಮುಚ್ಚೋದು ನಲವತ್ತಕ್ಕಲ್ಲ, ಮೂವತ್ತೈದಕ್ಕೆ.
ಇಲ್ಲಾಂದ್ರೆ ದಿನಕ್ಕೆ ಮೂರು ಸಲ ಹಗ್ಗ ಕಟ್ಟಿ ಬಿಚ್ಚಿ
ಲಾರಿಯವರು ನನ್ನನ್ನೇ ತೂತಿಗೆ ತಳ್ಳೋರು."

ತೈಮಿ ಚಮಚ ಕೆಳಗಿಟ್ಟಳು.
ಪುಸ್ತಕದಲ್ಲಿ ಓದಿದ್ದ ಮಾತೇ. ಹಾಕಲು ಮರೆತಿದ್ದಳು.
ಏರುವಾಗ ಎಂಬತ್ತು, ಇಳಿಯುವಾಗ ಎಪ್ಪತ್ತೆಂಟು:
ನಾನೂರ ಹನ್ನೆರಡು, ಎರಡಾಯಿತು.

ನೂರೈದರ ಹೊಸ್ತಿಲು ಬೇರೆ ಥರ.
ಅಲ್ಲಿ ಸುದ್ದಿಯ ಮಾತಿಲ್ಲ.
ಕರ್ನಲ್ ಯಾರನ್ನೂ ಕೇಳದೆ ದೀಪ ಆರಿಸಿಬಿಡುತ್ತದೆ.
ಒಯ್ವಾನಿಗೆ ಅಂಥ ಅಧಿಕಾರ ಇಲ್ಲ,
ಒಂದು ಹಗ್ಗ, ಒಂದು ಹಲಗೆ, ಒಂದು ಸೀಮೆಸುಣ್ಣ.

ಮಾರ್ಚ್ ಮುಗಿಯುವ ಹೊತ್ತಿಗೆ
ಬ್ರೆಡ್ಡಿನ ವ್ಯಾನಿನ ರೌನಿ ದಡದಲ್ಲಿ ನಿಂತು ಓದಿದಳು: ಮೂವತ್ತಾರು.
ಹಗ್ಗ ಇನ್ನೂ ಬಿದ್ದಿರಲಿಲ್ಲ.
ವ್ಯಾನು ಅಲ್ಲೇ ಬಿಟ್ಟು, ಪೆಟ್ಟಿಗೆಗಳನ್ನು ಜಾರುಬಂಡಿಗೆ ಹೇರಿ
ನಡೆದೇ ಹೊರಟಳು.
ನಿಧಾನ, ಹಗುರ, ಆದರೆ ತಲುಪಿದಳು.

ಏಪ್ರಿಲಿನಲ್ಲಿ ಲಿಸ್ಬನ್ನಿನಿಂದ ಗ್ರಾಸಿಂದಾ,
ತೈಮಿಯ ಕೋಡಿನ ತಪ್ಪು ಹುಡುಕುವವಳು, ಬರೆದಳು:
ಎಲ್ಲ ಚೆನ್ನಾಗಿದೆ. ಒಂದು ಮಾತು.
ಕೇಳುವವರು ಯಾರೂ ಇಲ್ಲದಿದ್ದಾಗ
ಸುದ್ದಿ ಕಟ್ಟುವುದಾದರೂ ಯಾಕೆ? ಅದೂ ಖರ್ಚು, ಅದೂ ಬಿಸಿ.
ಮೊದಲು ಪಟ್ಟಿ ನೋಡು. ಖಾಲಿಯಿದ್ದರೆ ಸುಮ್ಮನಿರು.

ಸರಿಯಾದ ಮಾತು.
ತೈಮಿಗೆ ಫೆಬ್ರವರಿಯ ಒಂದು ಭಾನುವಾರ ನೆನಪಾಯಿತು.
ಹಿಮದ ಬಿರುಗಾಳಿ, ಅಂಗೈ ಕಾಣದ ಬೆಳ್ಳಗೆ,
ದಾಟುವವರು ಒಬ್ಬರೂ ಇಲ್ಲ.
ಒಯ್ವಾ ಹೋಗಿ, ತೂತು ಕೊರೆದು, ಅಳೆದು,
ಹಲಗೆಯ ಹಿಮ ಒರೆಸಿ ಬರೆದು ಬಂದಿದ್ದ:
ಐವತ್ತೆರಡು.

ಅವಳು ಆ ಒಂದು ಸಾಲು ಸೇರಿಸಿದಳು.
ಅಣ್ಣನಿಗೆ ಹೇಳಲಿಲ್ಲ.