ಪಿಕೊ ಹಿಂದೆ ಮುಳುಗಿದ ಸೂರ್ಯ

ಹಡಗು ನಿಂತದ್ದು ಹತ್ತೊಂಬತ್ತು ತಾಸು.
ಅಷ್ಟರಲ್ಲೇ ನಮ್ಮ ಓರ್ತಾ ಊರನ್ನು
ಒಂಬತ್ತು ನಿಮಿಷಕ್ಕೆ ಮಡಚಿಕೊಂಡು ಹೋದರು.

ಆ ಬಣ್ಣದ ಕ್ಯಾಮೆರಾ ಕರುವಿನಷ್ಟು ಭಾರ:
ಇಬ್ಬರು ಹೊರಬೇಕು, ಮೂರನೆಯವನು ಬೈಯಬೇಕು.
ಬಿಸಿಲು ಬೇಕಂತೆ. ನಮ್ಮಲ್ಲಿ ಇದ್ದದ್ದು ಮೋಡ.
ಕಾದರು, ಸಿಗರೇಟು ಹಂಚಿದರು,
ನನ್ನ ಬೂದು ಲಂಗ ನೋಡಿ ಮುಖ ಸಿಂಡರಿಸಿ
ಮುತ್ತಜ್ಜಿಯ ಪೆಟ್ಟಿಗೆಯಿಂದ ಕರಿ ಮುಸುಕು ತೆಗೆಸಿದರು.
ನುಸಿಗುಳಿಗೆ ವಾಸನೆಯಲ್ಲಿ ಮೆಟ್ಟಿಲಿಳಿದೆ,
ಹತ್ತಿದೆ, ಮತ್ತೆ ಇಳಿದೆ,
"ಈ ದ್ವೀಪದ ಹೆಣ್ಣುಗಳ ನಿತ್ಯದ ಉಡುಗೆ"ಯಾದೆ.

ಮರುದಿನ ನಸುಕಿಗೆ ತಿಮಿಂಗಿಲದ ದೋಣಿಯವರನ್ನು ಎಬ್ಬಿಸಿದರು.
ತಿಮಿಂಗಿಲ ಇರಲಿಲ್ಲ, ಕೂಲಿ ಇತ್ತು.
ಕೈ ಬೀಸಿ ಅಂದರು, ಬೀಸಿದರು.
ಮೂರನೆಯ ಹುಟ್ಟಿನ ಅಡೆಲೀನೊ
ಆಕಳಿಸುತ್ತಲೇ ಬೀಸಿದ.

ಮೂರು ವರ್ಷದ ಮೇಲೆ ಡಬ್ಬಿ ಬಂತು,
ಯಾವುದೋ ಪ್ರೇಮಕಥೆಗೆ ಮುಂಚೆ,
ಊಟಕ್ಕೆ ಮೊದಲು ಬಡಿಸುವ ಉಪ್ಪಿನ ಹಾಗೆ.
ಕೇಬಲ್ ಆಫೀಸಿನ ಗುಮಾಸ್ತ ಎವರಿಸ್ತು
ಆ ಬೆಣ್ಣೆಯಂಥ ಇಂಗ್ಲಿಷನ್ನು ನಮ್ಮ ಮಾತಿಗೆ ತಿರುಗಿಸಿದ,
ತಂತಿ ಕಳಿಸುವವನಂತೆ, ಪದಕ್ಕಿಷ್ಟು ದುಡ್ಡೆಂಬಂತೆ:
"ಹೂವು. ಸುಖಿ ಜನ. ಸೋಮಾರಿ ಗಡಿಯಾರ."
ನನ್ನ ಮುಸುಕು ಬಂತು, ಸಿಳ್ಳೆ ಬಿತ್ತು.
ಬೇಲಿಯ ಹೈಡ್ರೇಂಜಿಯಾ ನಾವ್ಯಾರೂ ಕಾಣದಷ್ಟು ನೀಲಿ.
ನನ್ನ ತುಟಿಗೂ ಎಲ್ಲಿಂದಲೋ ಬಣ್ಣ.

ಕೊನೆಗೆ ಪಿಕೊ ಬೆಟ್ಟ, ಅದರ ಹೆಗಲಲ್ಲಿ ಕೆಂಪು ಸೂರ್ಯ,
ದೋಣಿಗಳು. "ಸಂಜೆಯಾಯಿತು" ಎಂದ ಎವರಿಸ್ತು.
ಇಡೀ ಥಿಯೇಟರು ಬಿದ್ದು ಬಿದ್ದು ನಕ್ಕಿತು.
ಪಿಕೊ ನಮಗೆ ಮೂಡಣ.
ಅಲ್ಲಿ ಸೂರ್ಯ ಮುಳುಗಿದ್ದನ್ನು ಊರ ಕುಡುಕನೂ ಕಂಡಿಲ್ಲ.
"ಹಾಲಿವುಡ್ಡಿಗೆ ದಾರಿ ತಪ್ಪಿದೆ, ಕಂದೀಲು ಹಿಡೀರೋ!"

ನಗದೆ ಕೂತವಳು ಪಲ್ಮೀರಾ ಒಬ್ಬಳೇ.
ಅಡೆಲೀನೊ ಹಿಂದಿನ ಅಕ್ಟೋಬರಿನಲ್ಲಿ ಹೋದವನು;
ಹಗ್ಗ ಸಿಕ್ಕಿತ್ತು, ಒಂದು ಟೋಪಿ.
"ಆಮೇಲೆ? ಆಮೇಲೆ ಏನಂದ?"
ಗುಮಾಸ್ತನ ತೋಳು ಹಿಡಿದು ಜಗ್ಗಿದಳು.
"ದಿನದ ದುಡಿಮೆ ಮುಗಿಸಿ, ಅಮ್ಮಾ,
ಗಂಡಸರೆಲ್ಲ ಮನೆಗೆ ಬರುತ್ತಿದ್ದಾರಂತೆ."
ಈ ಸಲ ಅವನು ಪದ ಎಣಿಸಲಿಲ್ಲ.

ಪ್ರೇಮಕಥೆ ಶುರುವಾದಾಗ ಎದ್ದು ಹೋದಳು.
ವಾರವಿಡೀ ಬಂದಳು, ಆ ಒಂಬತ್ತು ನಿಮಿಷಕ್ಕೆ.
ಮೂರನೆಯ ದಿನದಿಂದ ಗೇಟಿನವನು ದುಡ್ಡು ಮುಟ್ಟಲಿಲ್ಲ;
ಪುಕ್ಕಟೆ ಒಲ್ಲದವಳು ಎರಡು ಮೊಟ್ಟೆ ಇಟ್ಟು ಒಳಗೆ ನಡೆದಳು.
ಶನಿವಾರ ಡಬ್ಬಿ ಹಡಗು ಹತ್ತಿತು.

ಈಗಲೂ ಬೆಳಗಿನ ಜಾವ ಪಿಕೊ ಕೆಂಪೇರಿದರೆ
"ಸಂಜೆಯಾಯಿತು" ಅನ್ನುತ್ತೇವೆ, ಬ್ರೆಡ್ಡಿನ ಸಾಲಿನಲ್ಲಿ, ತಮಾಷೆಗೆ.
ಪಲ್ಮೀರಾ ಬಂದು ನಿಂತರೆ
ಮೀನಿನ ರೇಟು ಕೇಳುತ್ತೇವೆ.