ಎರಡನೆಯ ಗುಂಡು

ಅವನ ಮುಖವನ್ನು ಪತ್ರಿಕೆಯಲ್ಲಿ ಕಂಡವರು ಬಹಳ.
ನಾನು ಬಲ್ಲದ್ದು ಬೆನ್ನನ್ನು.
ಇಪ್ಪತ್ತೊಂದು ಚಳಿಗಾಲ ಪಿಸ್ತೂಲು ಹಿಡಿದು
ಅವನ ಹಿಂದೆ, ಒಂದಿಷ್ಟು ಪಕ್ಕಕ್ಕೆ ನಿಂತವನು;
ಸೊಂಟ ಬಗ್ಗಿಸಿದಾಗ ಎಡ ಭುಜ ಕೂದಲೆಳೆಯಷ್ಟು
ತಗ್ಗುತ್ತದೆಂದು ಅವನ ತಾಯಿಗೂ ಗೊತ್ತಿರಲಿಲ್ಲ.

ಹೆಸರು ವೀಬ್ರೆನ್. ಅಪ್ಪ ಸೇತುವೆ ಎತ್ತುವವ:
ಬೇಸಿಗೆಯಲ್ಲಿ ದೋಣಿಗಳಿಗೆ ದಾರಿ ಬಿಟ್ಟು,
ಗಾಳದ ಕೋಲಿಗೆ ಮರದ ಜೋಡು ಕಟ್ಟಿ ಇಳಿಸಿ
ಸುಂಕದ ಚಿಲ್ಲರೆಯನ್ನು ಅದರಲ್ಲಿ ಮೇಲೆಳೆದುಕೊಳ್ಳುವವ.
ಕಾಲುವೆ ಹೆಪ್ಪುಗಟ್ಟಿದರೆ ದೋಣಿಯಿಲ್ಲ, ಸುಂಕವಿಲ್ಲ,
ಮಗನಿಗೆ ಮಾತ್ರ ಹಬ್ಬ.

ಹತ್ತು ವರ್ಷದವ ನನ್ನ ಗೆರೆಗೆ ಮೊದಲು ಬಂದಾಗ
ಕಾಲಲ್ಲಿ ಅಕ್ಕ ಹಿಸ್ಕೆಯ ಹಳೇ ಸ್ಕೇಟು,
ತುದಿಗೆ ತುರುಕಿದ ಪತ್ರಿಕೆ.
ಆವತ್ತು ನನ್ನ ಬಳಿ ಪಿಸ್ತೂಲೂ ಇರಲಿಲ್ಲ,
ಎರಡು ಹಲಗೆ ತುಂಡು ಪಟ್ಟೆಂದು ತಟ್ಟಿದೆ.
ಬಾತುಕೋಳಿಗಳು ಎದ್ದವು. ಹುಡುಗನೂ ಎದ್ದ.
ತಿರುವಿನಲ್ಲಿ ಜೊಂಡಿನೊಳಗೆ ನುಗ್ಗಿ ಬಿದ್ದು
ಮೂಗಿನ ರಕ್ತ ಒರೆಸುತ್ತ ಕೇಳಿದ:
"ಎಷ್ಟಾಯಿತು?"
ನಗುವ ಭರದಲ್ಲಿ ಗಡಿಯಾರ ನಿಲ್ಲಿಸುವುದನ್ನೇ ಮರೆತಿದ್ದೆವು.

ಐದುನೂರು ಮೀಟರು ಅಂದರೆ
ಅಜ್ಜಿಯೊಬ್ಬಳು ಚಹಾಕ್ಕೆ ಸಕ್ಕರೆ ಹಾಕಿ ಕಲಕುವಷ್ಟು ಹೊತ್ತು.
ನಮ್ಮ ಕಡೆ ದೂರ ಓಡುವವರಿಗೇ ಮರ್ಯಾದೆ,
ಇಡೀ ದಿನ ಗಾಳಿಗೆ ಎದೆಕೊಟ್ಟು ಊರೂರು ಸುತ್ತುವವರಿಗೆ.
"ಇವನದೇನು, ಬಸ್ಸು ಹಿಡಿಯುವ ಓಟ"
ಎಂದು ಬೇಕರಿಯ ಡೌವೆ ಗೊಣಗುತ್ತಿದ್ದ.
ಗೆದ್ದ ವರ್ಷ ಅದೇ ಡೌವೆ ಕೇಕಿನ ಮೇಲೆ
ಸಕ್ಕರೆಯಲ್ಲಿ ಅವನ ಹೆಸರು ಬರೆದ, ಒಂದಕ್ಷರ ತಪ್ಪಾಗಿ.

ಹಿಮ್ಮಡಿ ಕಳಚುವ ಹೊಸ ಅಲಗು ಬಂತು. ಚಟ್, ಚಟ್,
ಯಾರೋ ಸಿಟ್ಟಿನಲ್ಲಿ ಬಾಗಿಲು ಹಾಕಿಕೊಂಡಂತೆ.
ಕಲಿತದ್ದೆಲ್ಲ ಮರೆತು
ಇಪ್ಪತ್ನಾಲ್ಕರಲ್ಲಿ ಮತ್ತೆ ಅಂಬೆಗಾಲು.
ಸೊಂಟ, ಮಂಡಿ, ಒಂದು ಮದುವೆ;
ಇವು ಮುರಿದದ್ದನ್ನು ಬೇರೆಯವರಿಂದ ಕೇಳಿದೆ.
ಗೆರೆಯ ಹತ್ತಿರ ಬೆನ್ನು ಏನೂ ಹೇಳುತ್ತಿರಲಿಲ್ಲ.

ಆಮೇಲೆ ಹೇರೆನ್‌ವೇನಿನ ಆ ಸಂಜೆ.
ನಾನು ಕೈ ಎತ್ತಿದೊಡನೆ ಸಾವಿರಾರು ಗಂಟಲು
ಕೂಗನ್ನು ಅರ್ಧಕ್ಕೇ ನುಂಗಿಕೊಂಡವು.
ಅವನದು ಒಳದಾರಿ, ತೋಳಿಗೆ ಬಿಳಿ ಪಟ್ಟಿ.
ಹೊರದಾರಿಯ ಕೊರಿಯಾದ ಹುಡುಗ ಮೊದಲು ಅಲುಗಿದ.
ಗುಂಡು; ಬೆನ್ನಿಗೇ ಮತ್ತೊಂದು; ವಾಪಸ್ಸು ಬನ್ನಿ.
ನಿಯಮ ಹೀಗಿದೆ: ಮೊದಲ ತಪ್ಪು ಯಾರದೇ ಇರಲಿ,
ಎರಡನೆಯದು ಮಾಡಿದವನು ಹೊರಗೆ.

"ಸಿದ್ಧ" ಎಂದೆ.
ಆ ಮಾತಿಗೂ ಗುಂಡಿಗೂ ನಡುವೆ ಒಂದು ಬಯಲಿದೆ.
ಒಂದು ಉಸಿರಿನಷ್ಟು ಅಗಲ. ಅದಕ್ಕೆ ನಾನೊಬ್ಬನೇ ಒಡೆಯ.
ಎಡ ಭುಜ ತಗ್ಗಿತು.
ಯಾವಾಗಲೂ ತಗ್ಗುವಷ್ಟೇ?
ಇಲ್ಲ, ಒಂದು ಎಳೆ ಹೆಚ್ಚೇ?
ಬೆರಳು ನನ್ನನ್ನು ಕೇಳಲಿಲ್ಲ.
ಎರಡನೆಯ ಗುಂಡು.

ಅವನು ಬೈಯಲಿಲ್ಲ. ಟೊಪ್ಪಿ ಹಿಂದಕ್ಕೆ ಸರಿಸಿ
ನನ್ನತ್ತ ನೋಡಿದ, ಸೇತುವೆ ಎತ್ತಿದ್ದಾಗ
ಸೈಕಲ್ಲು ಹಿಡಿದು ಕಾಯುವವರು ನೋಡುವಂತೆ.
ಮಾರನೇ ವರ್ಷ ಓಟ ಬಿಟ್ಟ.

ಈಗ ಕೊಟ್ಟಿಗೆಯಲ್ಲಿ ಮಕ್ಕಳ ಸ್ಕೇಟಿಗೆ ಸಾಣೆ ಹಿಡಿಯುತ್ತಾನೆ,
ಜೋಡಿಗೆ ಏಳು ಯೂರೋ.
ಮೊಮ್ಮಗಳದ್ದು ಹಿಡಿದು ಹೋಗುತ್ತೇನೆ, ಮೊಂಡಾಗದಿದ್ದರೂ.
ಗಾಳಿ, ಕುರಿಗಳ ಬೆಲೆ, ಡೌವೆಯ ಕಿವುಡು,
ಎಲ್ಲ ಮಾತಾಡುತ್ತೇವೆ.
ಅದೊಂದನ್ನು ಬಿಟ್ಟು.

ಈ ಫೆಬ್ರವರಿ, ಒಂಬತ್ತು ವರ್ಷದ ಮೇಲೆ, ಕಾಲುವೆ ಕಟ್ಟಿತು.
ಸೇತುವೆಯ ಕೆಳಗೆ ಅವನು. ನಲವತ್ತೇಳು. ಹೊಟ್ಟೆ ಬಂದಿದೆ.
ಅಲಗಿನ ತುದಿಯಿಂದ ಗೆರೆಯೊಂದನ್ನು ಗೀರಿ
"ಒಂದ್ಸಲ ನೀವೇ ಬಿಡಿ ನನ್ನ" ಎಂದ.

ಪಿಸ್ತೂಲು ಯಾವತ್ತೋ ಕೊಟ್ಟಾಗಿದೆ.
ಕೈಗವಸು ಕಳಚಿ
ಚಪ್ಪಾಳೆಗೆ ಅಂಗೈಗಳನ್ನು ಎತ್ತಿದೆ.
ಬೆನ್ನು ಬಗ್ಗಿತು.
ಭುಜ ತಗ್ಗಿ, ಅಲ್ಲೇ ನಿಂತಿತು.

"ಸಿದ್ಧ."

ಜೊಂಡು ಅಲುಗುತ್ತಿದೆ.
ನನ್ನ ಕೈ ಅಲುಗುತ್ತಿದೆ.
ಅವನು ಕಾಯುತ್ತಿದ್ದಾನೆ.