ಕಾಲಂ ಹನ್ನೊಂದು

ಗಾಜಿನ ತೂತು ಒಂದು ಚಾ ಗ್ಲಾಸಿನಷ್ಟು.
ಅದಕ್ಕೆ ಎಡಗಿವಿ ಒತ್ತಿ ನಿಂತವರನ್ನು ಕಂಡು
ಸ್ವಲ್ಪ ಹಿಂದೆ ಸರಿಯಿರಿ ಅಂದೆ.
"ಬಲದ್ದು ಕೇಳುವುದಿಲ್ಲ ಮೇಡಂ,
ಫಿರಂಗಿಯ ಬದಿಯದ್ದು ಅದು."

ವಿದ್ಯಾರ್ಥಿವೇತನ ವಿಭಾಗ, ಕೊಣಾಜೆ ಗುಡ್ಡೆ.
ಅರ್ಜಿಯಲ್ಲಿ ಹೆಸರು: ನಾಯಕ್ ಯಶೋಧರ ಕರ್ಕೇರ.
ನಮ್ಮ ಕಡೆ ಒಬ್ಬರಿಗೇ ಎರಡು ಕುಲನಾಮ ಹೇಗೆ?
ಒಂದರ ಮೇಲೆ ಕೆಂಪು ಗೆರೆ ಎಳೆದುಬಿಟ್ಟೆ.
ನಕ್ಕರು. ನಾಯಕ್ ಅಂದರೆ ಜಾತಿಯಲ್ಲವಂತೆ,
ತೋಳಿನ ಮೇಲಿನ ಎರಡು ಪಟ್ಟಿ.
ಹದಿನೇಳು ವರ್ಷಕ್ಕೆ ಎರಡು.

ಪದವಿ? ಸೇನೆ ಕೊಟ್ಟ ಕಾಗದವೊಂದಿತ್ತು,
'ಪದವಿಗೆ ತತ್ಸಮಾನ' ಎಂದು.
ಯಾವುದಕ್ಕೆ ಸಮಾನ, ಎಷ್ಟು ಸಮಾನ ಎಂದು
ಸಮಿತಿ ಮೂರು ಸಲ ಕೂತಿತು,
ಎರಡು ಸಲ ಕೋರಂ ಇಲ್ಲದೆ ಎದ್ದಿತು.

ವಿಷಯ ಗ್ರಂಥಾಲಯ ವಿಜ್ಞಾನ.
ಯಾಕೆಂದು ಕೇಳುವುದು ನನ್ನ ಕೆಲಸವಲ್ಲ. ಕೇಳಿದೆ.
"ನಿಶ್ಶಬ್ದ ಅಂತ ಗೋಡೆಯ ಮೇಲೇ ಬರೆದಿರುವ ಕೆಲಸ
ಬೇರೆ ಯಾವುದಿದೆ ಹೇಳಿ."

ಕಾಲಂ ಹನ್ನೊಂದು:
ವಿದ್ಯಾಭ್ಯಾಸ ನಡುವೆ ನಿಂತಿದ್ದರೆ ಕಾರಣ.
ಜಾಗ ಎರಡಿಂಚು.
ಮಕ್ಕಳು ಅಲ್ಲಿ ಕಾಮಾಲೆ ಅಂತ ಬರೆಯುತ್ತಾರೆ, ಅಕ್ಕನ ಮದುವೆ ಅಂತ.
ಇವರು ದೊಡ್ಡದೊಂದು ಶಬ್ದ ಬರೆದು
ಹೊಡೆದುಹಾಕಿದ್ದರು, ಬೆಳಕಿಗೆ ಹಿಡಿದರೂ ಓದಲಾಗದಂತೆ.
ಪಕ್ಕದಲ್ಲಿ ಸಣ್ಣಕ್ಕೆ: ಕೆಲಸದಲ್ಲಿದ್ದೆ.

ಸ್ಟೇಟ್‌ಬ್ಯಾಂಕಿನಿಂದ ಹೊರಡುವ ಬಸ್ಸು
ನೇತ್ರಾವತಿ ಸಂಕ ದಾಟುವಾಗ ಕಂಡಕ್ಟರ್
ಪಾಸನ್ನು ತಿರುಗಿಸಿ ತಿರುಗಿಸಿ ನೋಡಿ,
"ಅಣ್ಣೆರೇ, ಉಂದು ಮಗನ ಪಾಸಾ?"
ಬಸ್ಸಿಗೆ ಬಸ್ಸೇ ನಕ್ಕಿತಂತೆ.
ಇವರೂ ನಕ್ಕರಂತೆ, ಕೇಳಿಸದೆಯೇ,
ಉಳಿದವರ ಬಾಯಿ ನೋಡಿ.

ನವೆಂಬರಿನಲ್ಲಿ ಪಿಂಚಣಿಗೆ
ಬದುಕಿದ್ದೇನೆ ಎಂಬ ಪತ್ರ ಕೊಟ್ಟು ಬಂದರು.
ಜನವರಿಯಲ್ಲಿ ನನ್ನ ಮೇಜಿಗೆ ಫೈಲು ಮರಳಿತು:
ಹಾಜರಿ ಶೇಕಡಾ ಅರವತ್ತೆರಡು, ವೇತನ ತಡೆಹಿಡಿಯಲಾಗಿದೆ.
ನನಗೆ ಸಿಟ್ಟೇ ಬಂತು.
ಮಿಲಿಟರಿಯಲ್ಲೂ ಹೀಗೇ ತಪ್ಪಿಸುತ್ತಿದ್ದಿರಾ ಅಂದೆ,
ಎಡಗಿವಿಗೆ ಸರಿಯಾಗಿ ಕೇಳುವಷ್ಟು ಜೋರಾಗಿ.
ಅವರು ಕೈ ಇಳಿಬಿಟ್ಟು ನೆಟ್ಟಗೆ ನಿಂತರು,
ಬೈಸಿಕೊಳ್ಳಲು ಅಭ್ಯಾಸವಿದ್ದವರ ಹಾಗೆ.

ಹಿಂದೆ ಸಾಲಿನಲ್ಲಿದ್ದ ಹುಡುಗಿ, ಉಳ್ಳಾಲದ ರುಮೈಸಾ,
ಅವರನ್ನು ಬದಿಗೆ ಸರಿಸಿ ತೂತಿಗೆ ಬಾಯಿಟ್ಟಳು:
"ಒಂದು ದಿನವೂ ತಪ್ಪಿಸಿಲ್ಲ ಮೇಡಂ.
ಹೆಸರು ಕರೆಯುವುದು ಬಲಗಡೆಯಿಂದ."

ಯಜ್ಞೇಶ ಎದ್ದು ಕೂತ ಮೇಲೆ ತಾನು ಏಳುವುದು,
ಲೆಕ್ಕ ಅಷ್ಟೇ.
ಯಜ್ಞೇಶ ಕ್ರಿಕೆಟ್ಟಿಗೆ ಹೋದ ದಿನಗಳಲ್ಲಿ
ನಾಯಕ್ ಯಶೋಧರರೂ ಗೈರು,
ಮೊದಲ ಬೆಂಚಿನಲ್ಲಿ, ಪುಸ್ತಕ ತೆರೆದು.

ಈಗ ಅವಳು ಪೆನ್ಸಿಲಿನಿಂದ ಬೆಂಚಿಗೆ ಎರಡು ಸಲ ತಟ್ಟುತ್ತಾಳೆ.
ಮರ ಮೊಣಕೈಗೆ ಹೇಳುತ್ತದೆ.

ನಾನು ಟಿಪ್ಪಣಿ ಬರೆದೆ:
ಹಾಜರಿದ್ದರು. ಕೇಳಿಸಿರಲಿಲ್ಲ.
ಇಂಥ ವಾಕ್ಯಕ್ಕೆ ನಿಯಮವಿಲ್ಲವೆಂದು
ಹಣಕಾಸು ಶಾಖೆ ಎರಡು ಸಲ ಹಿಂತಿರುಗಿಸಿತು,
ಮೂರನೆಯ ಸಲ ಸಾಹೇಬರು ಓದದೆ ಸಹಿ ಹಾಕಿದರು, ಪುಣ್ಯ.
ದುಡ್ಡು ಬರುವಾಗ ಪರೀಕ್ಷೆ ಮುಗಿದಿತ್ತು.
ನಾನು ಎಳೆದ ಕೆಂಪು ಗೆರೆ ಮಾತ್ರ
ಈಗಲೂ ಆ ಹೆಸರಿನ ಮೇಲಿದೆ. ಕ್ಷಮೆ ಕೇಳಿಲ್ಲ ನಾನು.

ಈ ವರ್ಷದ ಅರ್ಜಿ ಅಚ್ಚಾಗುವ ಮೊದಲು
ಹನ್ನೊಂದನ್ನು ಸ್ವಲ್ಪ ದೊಡ್ಡದು ಮಾಡಿ ಅಂತ ಪ್ರೆಸ್ಸಿಗೆ ಹೇಳಿದ್ದೆ.
ಅದು ನಮ್ಮ ಕೈಯಲ್ಲಿಲ್ಲ ಅಂದರು.
ಹಾಗಾಗಿ ನಾಲ್ಕೈದು ಅರ್ಜಿಗೆ
ಒಂದೊಂದು ಖಾಲಿ ಹಾಳೆ ಚುಚ್ಚಿ ಡ್ರಾಯರಿನಲ್ಲಿಟ್ಟಿದ್ದೇನೆ.
ಯಾರೂ ಬಂದಿಲ್ಲ ಇನ್ನೂ.
ಕಡಲ ಗಾಳಿಯಲ್ಲವೇ ಇಲ್ಲಿ,
ಪಿನ್ನಿನ ಸುತ್ತ ಕಾಗದ ಕಂದಾಗುತ್ತಿದೆ.